ಐವತ್ತರ ಬೆನ್ನಿಗೆ ಹದಿನೆಂಟು

ಆರ್‌ಸಿಬಿ ಪಂದ್ಯವಿರುವ ಸಂಜೆ ಮೆಟ್ರೊದ ಹಸಿರು ಮಾರ್ಗ ಕೆಂಪಾಗುತ್ತದೆ. ಜೆ.ಪಿ. ನಗರ, ಬನಶಂಕರಿ, ಆರ್.ವಿ. ರಸ್ತೆ, ಜಯನಗರ ಎಂದು ನಿಲ್ದಾಣ ನಿಲ್ದಾಣದಲ್ಲೂ ಹತ್ತುವ ಕೆಂಪು ಅಂಗಿಗಳು ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಮಾರ್ಗ ಹಿಡಿದು ಕಬ್ಬನ್ ಪಾರ್ಕಿನ ಕಡೆ ಹೋಗುತ್ತವೆ. ಕಾಲೇಜು ಹುಡುಗರನ್ನು ಯಾರೂ ತಿರುಗಿ ನೋಡುವುದಿಲ್ಲ. ಕಣ್ಣು ನಿಲ್ಲುವುದು ನರೆತ ಮೀಸೆಯ, ಓದುವ ಕನ್ನಡಕವನ್ನು ಕೊರಳಿಗೆ ತೂಗುಬಿಟ್ಟ, ಬೆನ್ನ ಮೇಲೆ ‘ವಿರಾಟ್ 18’ ಬರೆಸಿಕೊಂಡ ಯಜಮಾನರ ಮೇಲೆ. ‘ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ನೋಡಿ’ ಎಂಬ ಮಾತನ್ನು ಅವರು ಮನೆಯಲ್ಲೇ ಕೇಳಿಸಿಕೊಂಡು ಬಂದಿರುತ್ತಾರೆ.

ಆ ಮಾತನ್ನು ಹಾಗೇ ತಳ್ಳಿಹಾಕುವಂತಿಲ್ಲ. ಅಂಗಡಿಯಲ್ಲಿ ಮಾರುವ ತಂಡದ ಅಂಗಿ ಹುಟ್ಟಿದ್ದೇ ಮಕ್ಕಳಿಗಾಗಿ. 1970ರ ದಶಕದ ನಡುವೆ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ತಂಡಕ್ಕೆ ಉಡುಪು ಒದಗಿಸಿದ ಅಡ್ಮಿರಲ್ ಎಂಬ ಬ್ರಾಂಡು ಅದೇ ಅಂಗಿಯನ್ನು ಹುಡುಗರ ಅಳತೆಯಲ್ಲಿ ಹೊಲಿದು ಮಾರಿತು. ಅದರ ಮಾಲೀಕರು ಮೊದಲು ಒಳ ಉಡುಪು ಮಾಡುತ್ತಿದ್ದ ಲೆಸ್ಟರ್ ಸೀಮೆಯವರು. ಅಪ್ಪಂದಿರು ಆಗ ಕುತ್ತಿಗೆಗೊಂದು ಉಣ್ಣೆಯ ಪಟ್ಟಿ ಸುತ್ತಿಕೊಂಡು ಕ್ರೀಡಾಂಗಣಕ್ಕೆ ಹೋಗುತ್ತಿದ್ದರು, ಅಷ್ಟೇ. ಅಂಗಿ ದೊಡ್ಡವರ ಮೈಗೇರಿದ್ದು ಆಮೇಲೆ.

ನಮ್ಮಲ್ಲಿ ಆಗ ದೊಡ್ಡವರು ತಂಡದ ಅಂಗಿ ತೊಡಬೇಕೇ ಎಂಬ ಪ್ರಶ್ನೆ ಹುಟ್ಟುವ ಸಂಭವವೇ ಇರಲಿಲ್ಲ. 1974ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ತಂಡ ಸತತ 15 ವರ್ಷ ರಣಜಿ ಟ್ರೋಫಿ ಹಿಡಿದಿಟ್ಟಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹೊರಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಮೊದಲ ಟೆಸ್ಟ್ ಪಂದ್ಯವೂ ನಡೆಯಿತು. ಎರಡು ತಂಡಕ್ಕೂ ಬಿಳಿಯೇ. ಯಾರ ಬಣ್ಣವನ್ನು ತೊಡುವುದು? ರಜೆ ಹಾಕಿ ಬಂದ ಬ್ಯಾಂಕಿನವರು, ಎಚ್‌ಎಎಲ್‌ನವರು ಆಫೀಸಿಗೆ ಹೋಗುವ ಅಂಗಿಯಲ್ಲೇ ಕೂತು, ಕಿವಿಗೆ ಟ್ರಾನ್ಸಿಸ್ಟರ್ ಹಚ್ಚಿ, ಡಬ್ಬಿಯ ಚಿತ್ರಾನ್ನ ತಿಂದು ಮನೆಗೆ ಬರುತ್ತಿದ್ದರು. ಕ್ರಿಕೆಟ್ಟಿಗೆ ಬಣ್ಣ ಬಳಿದದ್ದು 1970ರ ದಶಕದ ಕೊನೆಗೆ ಆಸ್ಟ್ರೇಲಿಯಾದ ಟಿವಿ ದೊರೆ ಕೆರಿ ಪ್ಯಾಕರ್. ವಿಶ್ವಕಪ್ಪಿನಲ್ಲಿ ಬಣ್ಣದ ಅಂಗಿ, ಬೆನ್ನ ಮೇಲೆ ಆಟಗಾರನ ಹೆಸರು ಬಂದದ್ದು 1992ರಲ್ಲಿ. ಅಂದಿನ ಕಡುನೀಲಿ ಅಂಗಿಯ ನಕಲನ್ನು ಇಂದು ‘ರೆಟ್ರೊ’ ಎಂಬ ಹೆಸರಲ್ಲಿ ಮಾರುತ್ತಾರೆ. ಕೊಳ್ಳುವವರು ಯಾರು? ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ಆ ಪಂದ್ಯಗಳನ್ನು ನೋಡಿದ ಹುಡುಗರು. ಅವರಿಗೀಗ ನಲವತ್ತೈದು, ಐವತ್ತು.

ಹಾಗಾಗಿ ವಯಸ್ಸಿನ ತಕರಾರು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಎದೆಯ ಮೇಲೆ ಏನು ಬರೆದಿದೆ ಎಂಬುದು ಕಾಣುತ್ತದೆ.

ಚಾತುರ್ಮಾಸ್ಯದಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಜಯನಗರದ ರಾಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಮೊಮ್ಮಗನ ಜೊತೆ ಅವರೂ ಆರ್‌ಸಿಬಿ ಅಂಗಿ ತೊಟ್ಟಿದ್ದಾರೆ. 2008ರಲ್ಲಿ ವಿಜಯ್ ಮಲ್ಯ ತಂಡ ಕಟ್ಟಿದಾಗ ‘ರಾಯಲ್ ಚಾಲೆಂಜರ್ಸ್’ ಎಂಬ ಹೆಸರು ಬಂದದ್ದು ರಾಯಲ್ ಚಾಲೆಂಜ್ ವಿಸ್ಕಿಯಿಂದ. ಇದು ರಾಯರಿಗೂ ಗೊತ್ತು, ರಾಯರ ಹೆಂಡತಿಗೂ ಗೊತ್ತು. ಬ್ರಿಟನ್ನಿನಲ್ಲಿ ಮದ್ಯದ ಕಂಪನಿ ಪ್ರಾಯೋಜಿಸಿದ ಅಂಗಿಯನ್ನು ಮಕ್ಕಳ ಅಳತೆಯಲ್ಲಿ ಮಾರುವಾಗ ಆ ಹೆಸರನ್ನು ತೆಗೆದೇ ಮಾರಬೇಕೆಂಬ ಕಟ್ಟುಪಾಡು ಬಂತು. ಅಲ್ಲಿಯ ಲೆಕ್ಕದಲ್ಲಿ ಜಾಹೀರಾತು ಹೊತ್ತ ಅಸಲಿ ಅಂಗಿ ದೊಡ್ಡವರದ್ದು, ಬೋಳು ಎದೆಯದ್ದು ಮಕ್ಕಳದ್ದು. ನಾವು ಮಾತ್ರ ಇಡೀ ಅಂಗಿಯನ್ನೇ ಮಕ್ಕಳಾಟಿಕೆ ಎನ್ನುತ್ತಿದ್ದೇವೆ.

ಭಾರತ ತಂಡದ ಅಂಗಿಯ ಎದೆಯನ್ನು ಸಾಲಾಗಿ ಓದಿದರೆ ಅದು ದೇಶದ ವ್ಯಾಪಾರದ ಏಳುಬೀಳಿನ ಪಟ್ಟಿ. 1990ರ ದಶಕದಲ್ಲಿ ವಿಲ್ಸ್ ಸಿಗರೇಟು. ಆಮೇಲೆ ಬಹುಕಾಲ ಸಹಾರಾ. ಮುಂದೆ ಸ್ಟಾರ್, ಒಪ್ಪೊ. 2019ರಲ್ಲಿ ಬಂದದ್ದು ನಮ್ಮ ಊರಿನದೇ ಬೈಜೂಸ್. ಅದರ ಕಚೇರಿ ಇದ್ದದ್ದು ಜಯನಗರಕ್ಕೂ ಬಿಟಿಎಂಗೂ ಕೂಗಳತೆಯ ಬನ್ನೇರುಘಟ್ಟ ರಸ್ತೆಯಲ್ಲಿ. ಅಂಗಿಯ ಮೇಲೆ ಹೆಸರು ಹಾಕಿಸಿದ ಬಾಬ್ತು ಸುಮಾರು 158 ಕೋಟಿ ರೂಪಾಯಿ ಬಾಕಿ ಎಂದು ಬಿಸಿಸಿಐ ದೂರು ಕೊಂಡೊಯ್ದದ್ದು ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ. 2024ರ ಜುಲೈನಲ್ಲಿ ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟದ್ದು ಆ ದೂರಿನ ಮೇಲೆಯೇ. ಬೈಜೂಸ್ ಹೋಗಿ ಡ್ರೀಮ್ 11 ಬಂತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾಯ್ದೆ ನಿಷೇಧಿಸಿದ ಮೇಲೆ ಅದೂ ಹೋಯಿತು; ಆ ಸಲದ ಏಷ್ಯಾ ಕಪ್ಪನ್ನು ತಂಡ ಪ್ರಾಯೋಜಕರಿಲ್ಲದ ಎದೆಯಲ್ಲೇ ಆಡಿತು. ಬಿಟಿಎಂ ಪಿಜಿಯೊಂದರ ಬಾಲ್ಕನಿಯಲ್ಲಿ ಒಣಗುವ ಹಳೆಯ ಬೈಜೂಸ್ ಅಂಗಿಯ ಒಡೆಯ ಅದೇ ಕಂಪನಿಯಲ್ಲಿ ಕೆಲಸ ಕಳೆದುಕೊಂಡವನೂ ಆಗಿರಬಹುದು. ಮಕ್ಕಳಿಗೆ ಇದನ್ನೆಲ್ಲ ಓದಲು ಬಾರದು. ದೊಡ್ಡವರಿಗೆ ಬರುತ್ತದೆ, ಆದರೂ ಕಾಸು ಕೊಟ್ಟು ಹೊರುತ್ತಾರೆ.

ಹೊರುವುದಕ್ಕೆ ಕಾರಣವಿದೆ. ನವೆಂಬರ್ ಒಂದರಂದು ಬನಶಂಕರಿಯ ಆಟೊ ನಿಲ್ದಾಣದಲ್ಲಿ ಅರುವತ್ತು ವರ್ಷದವರು ಹೆಗಲಿಗೆ ಹಳದಿ ಕೆಂಪು ಶಲ್ಯ ಹಾಕಿಕೊಂಡು ನಿಂತರೆ ‘ಈ ವಯಸ್ಸಿಗೆ ಬೇಕಿತ್ತಾ’ ಎಂದು ಯಾರೂ ಕೇಳುವುದಿಲ್ಲ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಬಾವುಟದ ಬಣ್ಣವದು. ಮೊದಲ ವರ್ಷದ ಆರ್‌ಸಿಬಿ ಅಂಗಿಯೂ ಕೆಂಪು ಹಳದಿಯೇ ಇತ್ತು, ನಾಯಕ ದ್ರಾವಿಡ್. ಶಲ್ಯದವರು ಅಂಗಿಗೆ ದಾಟಿದ್ದು ಆ ಬಣ್ಣದ ಸೇತುವೆಯ ಮೇಲೆ. ಮುಂದೆ ಹಳದಿ ಹಿಂದೆ ಸರಿದು ಕಪ್ಪು ಬಂತು. 2024ರಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಾಗ ಅದರ ಜೊತೆಗೇ ನೀಲಿ ಬಂತು. ಹೆಸರು ಕನ್ನಡವಾದ ವರ್ಷವೇ ಬಾವುಟದ ಹಳದಿಯ ಬದಲು ನೀಲಿ ಏಕೆ ಬಂತೋ! ಅಷ್ಟರಲ್ಲಿ ಜನ ಬಣ್ಣದ ಗೊಡವೆ ಬಿಟ್ಟಿದ್ದರು.

ಬಿಡಲು ಕಾರಣ ಸೋಲು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಮೊದಲ ಐಪಿಎಲ್ ಪಂದ್ಯದಲ್ಲೇ ಮೆಕಲಮ್ ಒಬ್ಬರೇ 158 ಹೊಡೆದರು, ನಮ್ಮವರು ಎಲ್ಲ ಸೇರಿ 82. ಫೈನಲ್‌ಗಳು 2009, 2011, 2016ರಲ್ಲಿ ಕೈತಪ್ಪಿದವು. ಮೂರನೆಯದಂತೂ ಸ್ವಂತ ಮೈದಾನದಲ್ಲಿ, 8 ರನ್‌ಗಳಿಂದ. 2013ರ ಏಪ್ರಿಲ್ 23ರಂದು ಗೇಲ್ 175 ಬಾರಿಸಿ ತಂಡ 263 ಮಾಡಿತು; ನಾಲ್ಕು ವರ್ಷದ ಬಳಿಕ ಅದೇ ತಾರೀಖಿನಂದು ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ‘ಈ ಸಲ ಕಪ್ ನಮ್ದೇ’ ಎಂಬುದನ್ನು ಊರೆಲ್ಲ ಆಡಿಕೊಂಡು ನಗುತ್ತಿದ್ದಾಗ ಬೀರುವಿನಿಂದ ಅದೇ ಅಂಗಿ ತೆಗೆದು ಹಾಕಿಕೊಂಡು ಹೋದವರು ದೊಡ್ಡವರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಬಂದಾಗ, 2008ರಲ್ಲಿ ಹುಟ್ಟಿದ ಮಗು ಕಾಲೇಜಿನ ಮೆಟ್ಟಿಲೇರಿತ್ತು. ಮೂವತ್ತೆರಡರಲ್ಲಿ ಮೊದಲ ಅಂಗಿ ಕೊಂಡವರು ಐವತ್ತರ ಹೊಸ್ತಿಲಲ್ಲಿದ್ದರು. ಈ ಅಂಗಿ ಯಾರಿಗೆ ಒಪ್ಪುತ್ತದೆ ಎಂದು ಕೇಳಿದರೆ ನನ್ನ ಬೆರಳು ಅವರತ್ತಲೇ ಹೋಗುತ್ತದೆ.

ಮರುದಿನ ಜೂನ್ 4, ಬುಧವಾರ. ಅದೇ ಅಂಗಿ ತೊಟ್ಟವರ ಜನಸಾಗರ ಚಿನ್ನಸ್ವಾಮಿ ಗೇಟುಗಳ ಮುಂದೆ ನೆರೆದಿತ್ತು. ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ತಂಡ ಒಂದೊಂದು ಕುಟುಂಬಕ್ಕೆ 25 ಲಕ್ಷ ರೂಪಾಯಿ ಪ್ರಕಟಿಸಿತು. ಅಭಿಮಾನಿಯನ್ನು ಹನ್ನೆರಡನೇ ಆಟಗಾರ ಎಂದು ಕರೆಯುವುದು ಕ್ರೀಡಾ ವ್ಯಾಪಾರದ ಹಳೆಯ ಚಾಳಿ. ಹನ್ನೊಂದು ಆಟಗಾರರಿಗೆ ಬಸ್ಸು, ಕಾವಲು, ಬೇರೆಯೇ ಬಾಗಿಲು. ಹನ್ನೆರಡನೆಯವನಿಗೆ ಅರ್ಧ ತೆರೆದ ಗೇಟು. ಅಂಗಿ ತೊಟ್ಟ ವಯಸ್ಕರು ಇದರ ಲೆಕ್ಕ ಕೇಳಬೇಕಿತ್ತು, ಕೇಳಿದವರು ಕಡಿಮೆ.

ಇನ್ನು ಅಂಗಿಯ ರಂಗು ಊರಿಗೆಲ್ಲ ಒಂದೇ ಎಂದುಕೊಳ್ಳಬೇಡಿ. ಬಿಟಿಎಂನ ಪಿಜಿಗಳಲ್ಲಿ ಚೆನ್ನೈ ಪಂದ್ಯದ ದಿನ ಹಳದಿ 7 ನಂಬರು ಧಾರಾಳ. ಹಳದಿ ತೊಟ್ಟ ಮೂವತ್ತರ ಎಂಜಿನಿಯರನ್ನು ಕೆಂಪು ತೊಟ್ಟ ಓನರ್ ಕೆಣಕುತ್ತಾನೆ, ಬಾಡಿಗೆ ಮಾತ್ರ ಒಂದನೇ ತಾರೀಖಿಗೆ ಸಲ್ಲುತ್ತದೆ. ಫುಟ್‌ಬಾಲಿನ ಬೆಂಗಳೂರು ಎಫ್‌ಸಿಯ ನೀಲಿಯವರದ್ದು ಬೇರೆಯೇ ಪಂಗಡ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ತಂಡದವರಿಗೆ ಆರ್‌ಸಿಬಿಯವರ ತಾಳ್ಮೆಯ ಅಭ್ಯಾಸವಿಲ್ಲ.

ಬೆಲೆಯ ಮಾತೂ ಇದೆ. 2023ರಲ್ಲಿ ಅಡಿಡಾಸ್ ಭಾರತ ತಂಡದ ಅಂಗಿಯನ್ನು ಮೂರು ದರ್ಜೆಯಲ್ಲಿ ಬಿಟ್ಟಿತು: 4,999, 2,999, 999 ರೂಪಾಯಿ. ಮೈಗಂಟುವ ದುಬಾರಿ ದರ್ಜೆ ಆಟಗಾರರ ಮೈಕಟ್ಟಿಗೆ ಹೊಲಿದದ್ದು. ಹೊಟ್ಟೆ ಬಂದವರು ಅದರ ಆಸೆ ಬಿಡುವುದು ಲೇಸು. ಚಿನ್ನಸ್ವಾಮಿ ಸುತ್ತ ಫುಟ್‌ಪಾತಿನಲ್ಲಿ ಸಿಗುವ ನಕಲಿಗೆ ಇನ್ನೂರು ಮುನ್ನೂರು ಕೊಟ್ಟರೆ ಆಯಿತು, ಆದರೆ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಮನೆಗೆ ಬರುವ ಹೊತ್ತಿಗೆ ಅಭಿಮಾನ ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ.

ನನ್ನ ಆಕ್ಷೇಪ ಉಳಿದಿರುವುದು ಬೆನ್ನಿನ ಬಗ್ಗೆ. ಊರಿನ ಹೆಸರನ್ನು ಎದೆಯ ಮೇಲೆ ಹೊರುವುದು ಸರಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವನ ಹೆಸರನ್ನು ಬೆನ್ನ ಮೇಲೆ ಏಕೆ? ಸ್ವಂತ ಹೆಸರು ಬರೆಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಡಿವಿಲಿಯರ್ಸ್ ಅವರ 17, ಗೇಲ್ ಅವರ 333 ಇನ್ನು ಯಾವ ಆಟಗಾರನಿಗೂ ಇಲ್ಲವೆಂದು 2023ರಲ್ಲಿ ತಂಡವೇ ಘೋಷಿಸಿತು. ಅಂದರೆ ಮೈದಾನಕ್ಕಿಳಿಯುವವನಿಗೆ ಸಿಗದ 17 ಜೆ.ಪಿ. ನಗರದ ನಿವೃತ್ತ ಮ್ಯಾನೇಜರಿಗೆ ಸಿಗುತ್ತದೆ! ನಂಬರು ಬೇಕೇ ಬೇಕು ಎನ್ನುವವರು ಹೆಸರು ಬಿಟ್ಟು ಬರೀ 18 ಹಾಕಿಸಿಕೊಳ್ಳಲಿ. ಅದು ಸ್ಮೃತಿ ಮಂಧಾನ ಅವರ ಸಂಖ್ಯೆಯೂ ಹೌದು. ಆರ್‌ಸಿಬಿಗೆ ಮೊದಲ ಕಪ್ ತಂದದ್ದು 2024ರ ಮಾರ್ಚ್ 17ರಂದು ಅವರ ನಾಯಕತ್ವದ ಮಹಿಳಾ ತಂಡ, ಗಂಡಸರಿಗಿಂತ ಒಂದು ವರ್ಷ ಮೊದಲು. ಮಹಿಳೆಯರ ಲೀಗ್ ಮುಗಿದ ಮೇಲೆ ಗಂಡಸರದ್ದು ಶುರುವಾಗುವುದರಿಂದ ಒಂದೇ ಅಂಗಿಯಲ್ಲಿ ಗಂಡ ಹೆಂಡತಿ ಇಬ್ಬರೂ ಎರಡು ಸೀಸನ್ ಸಾಗಿಸಬಹುದು. ಅಳತೆ ಒಂದು ಹೊಂದಿಕೆಯಾಗಬೇಕು, ಅಷ್ಟೇ.