ಕುಕ್ಕರ್ ಸಿಡಿದರೆ ಹಣೆಬರಹ ಅಲ್ಲ

ಅಕ್ಕಾ, ಹೊಸಪೇಟೆಯ ಅಂಗಡಿಯಿಂದ ಹೊಸ ಕುಕ್ಕರ್ ತಂದಿರಿ ಅನ್ನೋಣ. ಒಲೆ ಮೇಲೆ ಬೇಳೆ ಇಟ್ಟಿರಿ. ಢಂ ಅಂತ ಮುಚ್ಚಳ ಹಾರಿತು. ಕೈ ಸುಟ್ಟಿತು. "ನನ್ನ ಹಣೆಬರ" ಅಂತ ಸುಮ್ಮನೆ ಕೂಡಬೇಡಿ. ಸರಿಯಾಗಿ ಬಳಸಿದರೂ ಸಿಡಿದರೆ, ತಪ್ಪು ಕುಕ್ಕರಿನದೇ ಇರಬಹುದು.

ಮೊದಲು ಒಲೆ ಆರಿಸಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಿ. ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಟ್ಟ ಚೀಟಿ ಇಟ್ಟುಕೊಳ್ಳಿ.

ಸಿಡಿದ ಕುಕ್ಕರನ್ನು ಗುಜರಿಗೆ ಹಾಕಬೇಡಿ. ಅಂಗಡಿಗೂ ವಾಪಸು ಕೊಡಬೇಡಿ. ಅದೇ ನಿಮ್ಮ ಸಾಕ್ಷಿ. ಅದರ ಫೋಟೋ ತೆಗೆಸಿ. ಬಿಲ್ಲು ಜೋಪಾನ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮ ಪರವಾಗಿದೆ. ಮಾಲಿನ ದೋಷದಿಂದ ಗಾಯವಾದರೆ ಕಂಪನಿಯಿಂದ ಪರಿಹಾರ ಕೇಳಬಹುದು. ಕೆಲವು ಸಲ ಅಂಗಡಿಯವರೂ ಹೊಣೆ.

ಎಲ್ಲಿ ಕೇಳುವುದು? 1915ಕ್ಕೆ ಫೋನ್ ಮಾಡಿ. ಇದಕ್ಕೆ ದುಡ್ಡಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯಿರಿ. ಸಂಡೂರು, ಕಂಪ್ಲಿಯವರಿಗೆ ಆಯೋಗ ಬಳ್ಳಾರಿಯಲ್ಲಿದೆ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಅಲ್ಲಿಯವರು ದೂರು ಎಲ್ಲಿ ಕೊಡಬೇಕೆಂದು 1915ರಲ್ಲೇ ಕೇಳಿ.

2 ವರ್ಷದೊಳಗೆ ದೂರು ಕೊಡಬೇಕು. ವಕೀಲರು ಬೇಕೇಬೇಕು ಅಂತೇನಿಲ್ಲ. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವೂ ಇಲ್ಲ.

ಕೊಳ್ಳುವಾಗಲೇ ಎಚ್ಚರ ಇರಲಿ. 2021ರ ಫೆಬ್ರುವರಿಯಿಂದ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತು ಹುಡುಕಿ. ಬಿಲ್ಲು ಕೇಳಿ. ಬಿಲ್ಲಿನಲ್ಲಿ ತಾರೀಖು, ಅಂಗಡಿ ಹೆಸರು ಇವೆಯೇ? ಈಗ ನಿಮಗೆ ಓದು ಬರುತ್ತದೆ. ನೀವೇ ಓದಿ ನೋಡಿ.