ಓಡುವ ಮೊದಲು ಇಳಿತದ ಹೊತ್ತು ಕೇಳಿ

ಗುಡ್ಡಗಾಡಿನ ಓಟಕ್ಕೆಂದು ರಜೆ ಹಾಕುವವರ ಬಾಯಲ್ಲಿ ಮೊದಲು ಬರುವುದು ಕೊಡಗು ಮತ್ತು ಚಿಕ್ಕಮಗಳೂರಿನ ಹೆಸರು. ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಸ್ಪರ್ಧೆಗಳಿಂದ ಆ ಕಡೆಗೆ ಹೆಸರು ಬಂದಿರುವುದೂ ನಿಜ. ಭಟ್ಕಳ, ಹೊನ್ನಾವರ, ಕುಮಟಾ ಎಂದರೆ ಮುರ್ಡೇಶ್ವರ, ಗೋಕರ್ಣ ನೋಡಿಕೊಂಡು ಮೀನೂಟ ಮುಗಿಸಿ ಬರುವ ಊರುಗಳು ಎಂದೇ ಬಹಳ ಜನ ತಿಳಿದಿದ್ದಾರೆ.

ಒಂದು ಬೆಳಿಗ್ಗೆ ತೆಂಗಿನಗುಂಡಿಯ ಬಂದರಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಈ ಎಣಿಕೆ ಎಷ್ಟು ತಪ್ಪು ಎಂದು ಗೊತ್ತಾಗುತ್ತದೆ. ಪಶ್ಚಿಮಕ್ಕೆ ಅರಬ್ಬಿ ಕಡಲು, ಮಗ್ಗುಲಲ್ಲಿ ವೆಂಕಟಾಪುರ ಹೊಳೆಯ ಅಳಿವೆ, ಎದುರಿಗೆ ಘಟ್ಟದ ಸಾಲು. ಕರಾವಳಿಯ ಪಟ್ಟಿ ಇಲ್ಲಿ ತೀರಾ ಕಿರಿದು. ಮರಳು, ಗಜನಿಯೆಂಬ ಉಪ್ಪುನೀರಿನ ಗದ್ದೆಗಳ ಕಟ್ಟೆ, ಚಿರೇಕಲ್ಲಿನ ಗುಡ್ಡ, ಹುಲ್ಲಿನ ಬೇಣ, ದಟ್ಟ ಕಾನು ಇವೆಲ್ಲ ಅರ್ಧ ದಿನದ ಓಡಾಟದೊಳಗೆ ಸಿಗುತ್ತವೆ. ಇಂಥ ನೆಲ ಓಟಗಾರರಿಗೆ ಕರ್ನಾಟಕದಲ್ಲಿ ಬೇರೆಲ್ಲಿದೆ ಎಂದು ನಾನು ಕೇಳುತ್ತೇನೆ. ಆದರೆ ಇಲ್ಲಿ ಎಲ್ಲಿ ಓಡಬೇಕು ಎಂಬುದು ಗಡಿಯಾರವನ್ನೂ ತಿಂಗಳನ್ನೂ ನೋಡಿ ತೀರ್ಮಾನವಾಗುವ ವಿಷಯ. ಅದನ್ನು ತಿಳಿಯದೆ ಬಂದವರಲ್ಲಿ ಕೆಲವು ಅಪಾಯಕಾರಿ ನಂಬಿಕೆಗಳಿವೆ.

ನಂಬಿಕೆ: ಕಡಲ ದಂಡೆ ಚಪ್ಪಟೆ, ಮೆತ್ತಗೆ, ಯಾವ ಹೊತ್ತಿಗಾದರೂ ಓಡಬಹುದು

ಉಬ್ಬರದ ಹೊತ್ತಿಗೆ ಓಡಲು ಉಳಿಯುವುದು ಮೇಲಿನ ಸಡಿಲ, ಇಳಿಜಾರು ಮರಳು ಮಾತ್ರ. ಅದರ ಮೇಲೆ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಹಿಮ್ಮಡಿಯ ನರ, ಮೀನಖಂಡ ಎರಡೂ ಹಿಡಿದುಕೊಳ್ಳುತ್ತವೆ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕಾಣುವ ಗಟ್ಟಿ ಒದ್ದೆ ಮರಳೇ ಓಟದ ದಾರಿ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರ ಬರುತ್ತದೆ, ದಿನದಿಂದ ದಿನಕ್ಕೆ ಅದು ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ನಿನ್ನೆ ಆರು ಗಂಟೆಗೆ ಸಿಕ್ಕ ದಾರಿ ಒಂದು ವಾರದ ನಂತರ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಬಂದರಿನಲ್ಲಿ ಬಲೆ ಸರಿಮಾಡುತ್ತ ಕೂತ ಯಾರನ್ನಾದರೂ ಕೇಳಿ, ಇಳಿತದ ಹೊತ್ತು ಹೇಳುತ್ತಾರೆ. ಒಣಗಲು ಹರಡಿದ ಬಲೆ, ಮೀನು ಕಂಡರೆ ಸುತ್ತು ಹಾಕಿ ಹೋಗಿ. ದಂಡೆ ಅವರ ಅಂಗಳ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಭ್ರಮೆಯಿದೆ: ಇಳಿತದಲ್ಲಿ ಅಳಿವೆ ಸಣ್ಣದಾಗಿ ಕಾಣುತ್ತದೆ, ನಡೆದು ದಾಟಿ ಆಚೆ ದಡದಲ್ಲಿ ಓಟ ಮುಂದುವರಿಸಬಹುದು ಎಂಬುದು. ದಯವಿಟ್ಟು ಈ ಸಾಹಸ ಬೇಡ. ಅಳಿವೆಯ ಬಾಯಲ್ಲಿ ಹೂಳು, ಮರಳ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಇಳಿಯುವ ನೀರು ಹೊಳೆಯ ನೀರನ್ನೂ ಸೇರಿಸಿಕೊಂಡು ಕಡಲಿನ ಕಡೆಗೇ ಎಳೆಯುತ್ತದೆ. ದೋಣಿಯವರೇ ಎಚ್ಚರದಿಂದ ದಾಟುವ ಜಾಗ ಅದು. ಕುಮಟಾ ಕಡೆ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ನದಿ ದಾಟಲು ತಾರಿ ಇದೆ. ಅದನ್ನು ಹಿಡಿದು ಅಘನಾಶಿನಿಗೆ ಇಳಿದು ದಕ್ಷಿಣಕ್ಕೆ ಕಡ್ಲೆ, ವನ್ನಳ್ಳಿಯ ಕಡೆಗೆ ಓಡಿದರೆ ಗುಡ್ಡ, ಬಂಡೆ, ಮರಳು ಒಂದಾದ ಮೇಲೊಂದು ಬರುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ಕಡಲ ಬದಿಯ ಓಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ನಂಬಿಕೆ: ಮಳೆಗಾಲದಲ್ಲೇ ಘಟ್ಟದ ದಾರಿಯ ಸೊಬಗು

ನೋಡಲು ಹೌದು. ಓಡಲು ಅಲ್ಲ. 2022ರ ಆಗಸ್ಟ್ 2ರ ಹೊತ್ತಿಗೆ ಮುಗಿದ ಒಂದೇ ದಿನದಲ್ಲಿ ಭಟ್ಕಳದಲ್ಲಿ 500 ಮಿ.ಮೀ. ಮೀರಿ ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಂದರ ನಾಲ್ವರು ಸತ್ತರು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಂತು. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ; ಮಳೆಯಲ್ಲಿ ಪಾಚಿ ಕಟ್ಟಿದರೆ ಯಾವ ಬೂಟೂ ನಿಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ದಡದಲ್ಲಿ ಕಟ್ಟಿರುತ್ತವೆ. ಓಟಗಾರರೂ ಮಳೆಗಾಲ ಮುಗಿಯುವವರೆಗೆ ಘಟ್ಟದ ಕಾಲುದಾರಿ, ಹಳ್ಳದ ದಾರಿಗಳಿಂದ ದೂರ ಇರುವುದು ಲೇಸು.

ನಂಬಿಕೆ: ಕಾಡಿನಲ್ಲಿ ಹೆದರಬೇಕಾದದ್ದು ಉಂಬಳಕ್ಕೆ; ಒಣಗಿದ ಮೇಲೆ ಕಾಡು ಸುರಕ್ಷಿತ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಬಲ್ಲ ತಪ್ಪು ತಿಳಿವಳಿಕೆ ಇದು. ಉಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಏಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ನೋಡಲು ಗಾಬರಿಯಾದರೂ, ತೊಳೆದು ಒತ್ತಿ ಹಿಡಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ನಿಜವಾಗಿ ಎಚ್ಚರ ಬೇಕಾದದ್ದು ಒಣ ತರಗೆಲೆಯ ಮೇಲಿನ ಉಣುಗಿಗೆ. ಅದರ ಮರಿಗಳು ಕಣ್ಣಿಗೆ ಕಾಣುವುದೇ ಕಷ್ಟ.

ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊನ್ನಾವರ, ಸಿದ್ದಾಪುರದ ಕಡೆಗೂ ಅದು ಹಬ್ಬಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು, ಅಂದರೆ ಶರಾವತಿ ಕಣಿವೆಯ ಮೇಲ್ಭಾಗ, ಅದರಿಂದ ಬಹಳ ನೊಂದಿತು. ರೋಗ ಹೆಚ್ಚಾಗಿ ಹರಡುವ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಎಂದರೆ ರಜೆಯವರು ಕಾಡಿಗೆ ಹೋಗಲು ಆರಿಸಿಕೊಳ್ಳುವ ತಿಂಗಳುಗಳೇ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಆ ಹೊತ್ತಿಗೆ ನೀವು ಬೆಂಗಳೂರಿಗೋ ಪುಣೆಗೋ ಮರಳಿರುತ್ತೀರಿ, ಅಲ್ಲಿನ ವೈದ್ಯರಿಗೆ ಈ ರೋಗದ ನೆನಪು ತಟ್ಟನೆ ಬರಲಾರದು. ಕಾಡಿಗೆ ಹೋಗಿದ್ದೆ ಎಂದು ನೀವೇ ಹೇಳಬೇಕು. ಸೋಂಕು ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ.

ಆದ್ದರಿಂದ ಉದ್ದ ಕಾಲುಚೀಲ, ತುಂಬುತೋಳಿನ ಅಂಗಿ ಹಾಕಿ. ಆರೋಗ್ಯ ಕೇಂದ್ರದಲ್ಲಿ ಸಿಗುವ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ. ದಣಿವಾಯಿತೆಂದು ತರಗೆಲೆಯ ಮೇಲೆ ಕೂರಬೇಡಿ. ಓಟ ಮುಗಿದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆದು, ಮೈಯನ್ನು ಪೂರ್ತಿ ನೋಡಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಹೋಗಲೇಬೇಡಿ.

ನಂಬಿಕೆ: ಕಾಲುದಾರಿ ಇದ್ದಲ್ಲೆಲ್ಲ ಓಡಬಹುದು

ಕಾಲುದಾರಿ ಎಂದರೆ ಯಾರದೋ ಮನೆಯ ದಾರಿ. ಸೊಪ್ಪಿನ ಬೆಟ್ಟಗಳು ಅಡಿಕೆ ತೋಟದವರ ಬಳಕೆಯವು. ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ ಮುಂಗಡ ಬುಕಿಂಗ್ ಬೇಕು. ಕೊಂಕಣ ರೈಲು ಹಳಿಯ ಬದಿ ನೇರ ದಾರಿಯೆಂದು ಓಡುವವರೂ ಇದ್ದಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು. ಹೊನ್ನಾವರದ ಹತ್ತಿರ ಕರಿಕಾನಮ್ಮನ ಗುಡ್ಡ ಏರುವವರು ಆ ಕಾನು ದೇವರ ಕಾಡೆಂಬುದನ್ನು ಮರೆಯಬಾರದು. ಯಾಣದ 120 ಮೀಟರಿನ ಭೈರವೇಶ್ವರ ಶಿಖರದ ಬುಡಕ್ಕೆ ಹೋಗುವ ದಾರಿ ಭಕ್ತರದು. ರಜಾ ದಿನಗಳಲ್ಲಿ ಅಲ್ಲಿ ನಡೆಯಿರಿ, ಓಡಬೇಡಿ.

ನಂಬಿಕೆ: ಬೇಸಿಗೆಯಲ್ಲಿ ನದಿ ಸಾಧು

ಅಘನಾಶಿನಿಗೆ ಅಣೆಕಟ್ಟಿಲ್ಲ, ಅದರ ಏರಿಳಿತ ಮಳೆ ಮತ್ತು ಕಡಲಿನ ಲೆಕ್ಕದ್ದು. ಶರಾವತಿ ಹಾಗಲ್ಲ. ಗೇರುಸೊಪ್ಪೆಯ ಅಣೆಕಟ್ಟಿನ ಕೆಳಗೆ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ನೀರು ಏರುತ್ತದೆ, ಮೋಡವಿಲ್ಲದ ದಿನವೂ. ಒಣ ಬಂಡೆಗಳ ಮೇಲೆ ಓಡಲು ಇಳಿಯಬೇಡಿ.

ನಂಬಿಕೆ: ಕಡಲ ಗಾಳಿ ಇದೆ, ಎಳನೀರಿದೆ, ಮತ್ತೇನು ಬೇಕು?

ಕಡಲ ಗಾಳಿ ಬೀಸಲು ಬಿಸಿಲೇರಬೇಕು. ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಬರುತ್ತದೆ. ತೇವ ತುಂಬಿದ ಹವೆಯಲ್ಲಿ ಬೆವರು ಆರದೆ ಮೈ ತಣಿಯುವುದಿಲ್ಲ, ಒಳಗೊಳಗೇ ಕಾಯುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಆದರೆ ಬೆವರಿನಲ್ಲಿ ಹೆಚ್ಚು ಕಳೆದುಹೋಗುವ ಸೋಡಿಯಂ ಕಡಿಮೆ. ಉದ್ದ ಓಟದ ನಂತರ ಉಪ್ಪು ಹಾಕಿದ ಗಂಜಿಯೂ ಉಪ್ಪಿನಕಾಯಿಯೂ ಸೇರಿದರೆ ಆ ಕೊರತೆ ತುಂಬುತ್ತದೆ.

ಮೂರು ದಿನ ಬಿಡುವಿದ್ದವರಿಗೆ ನನ್ನ ಸಲಹೆ ಇದು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಬನ್ನಿ. ಮಳೆ ಹಿಂದೆ ಸರಿದಿರುತ್ತದೆ, ಮಂಗನ ಕಾಯಿಲೆ ಹೆಚ್ಚಾಗಿ ಹರಡುವ ಕಾಲ ಇನ್ನೂ ಶುರುವಾಗಿರುವುದಿಲ್ಲ. ಒಂದು ಬೆಳಿಗ್ಗೆ ಇಳಿತ ನೋಡಿಕೊಂಡು ತೆಂಗಿನಗುಂಡಿಯ ದಂಡೆ, ಇನ್ನೊಂದು ಬೆಳಿಗ್ಗೆ ಅಘನಾಶಿನಿಯಿಂದ ಕುಮಟೆಯ ಕಡೆಗೆ, ಮತ್ತೊಂದು ದಿನ ಕರಿಕಾನಮ್ಮನ ಗುಡ್ಡ. ಡಿಸೆಂಬರ್ ನಂತರ ಬರುವವರು ಕಾಡು ಬಿಟ್ಟು, ಕಗ್ಗ ಭತ್ತ ಬೆಳೆಯುವ ಮಾಣಿಕಟ್ಟಾ ಕಡೆಯ ಗಜನಿ ಕಟ್ಟೆಗಳ ಮೇಲೆ, ರೈತರನ್ನು ಕೇಳಿಯೇ, ಓಡಿ.