ನೆಸ್ ಸರೋವರದಲ್ಲಿ ಕಂಡದ್ದೇನು?

ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ದೈತ್ಯ ಜಲಚರವೊಂದು ಇದೆಯೆಂಬ ಸುದ್ದಿ ಲೋಕಕ್ಕೆಲ್ಲ ಹಬ್ಬಿದ್ದು 1933ರಲ್ಲಿ. ದಡದುದ್ದಕ್ಕೂ ಹೊಸ ರಸ್ತೆಯಾಗಿದ್ದ ಕಾಲ ಅದು. ನೀರಿನ ಮೇಲೆ ಕಣ್ಣಿಟ್ಟು ಸಾಗುವ ಪ್ರಯಾಣಿಕರು ಹೆಚ್ಚಿದ್ದರು. ಮರುವರ್ಷ ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಉದ್ದ ಕತ್ತಿನ ಪ್ರಾಣಿಯ ಫೋಟೋ ಬಂತು. ಆಟಿಕೆಯ ಜಲಾಂತರ್ಗಾಮಿಗೆ ಕೃತಕ ತಲೆ, ಕತ್ತು ಅಂಟಿಸಿ ತೆಗೆದ ಚಿತ್ರವದು ಎಂಬುದು ಬಯಲಾಗಲು 1994 ಬರಬೇಕಾಯಿತು.

ಹಾಗೆಂದು ಕಂಡೆವು ಎಂದವರನ್ನೆಲ್ಲ ಸುಳ್ಳುಗಾರರೆನ್ನುವುದು ಅನ್ಯಾಯ. ಅವರು ಏನನ್ನೋ ಕಂಡದ್ದು ನಿಜವಿರಬಹುದು. ಈ ಸರೋವರ ಸುಮಾರು 36 ಕಿಲೋಮೀಟರ್ ಉದ್ದ, ಅಗಲ ಮಾತ್ರ ತೀರಾ ಕಡಿಮೆ. ಆಳ 230 ಮೀಟರ್‌ವರೆಗೆ. ಸುತ್ತಲ ಜೌಗು ನೆಲದಿಂದ ಹರಿದು ಬರುವ ಸಸ್ಯಾಂಶದಿಂದಾಗಿ ನೀರು ಕಂದು ಬಣ್ಣದ ಕಷಾಯದಂತಿದ್ದು, ಕೆಲವೇ ಮೀಟರ್ ಕೆಳಗೆ ಏನೂ ಕಾಣಿಸದು. ದೋಣಿ ಎಬ್ಬಿಸಿದ ಅಲೆಗಳು, ದೋಣಿ ಕಣ್ಮರೆಯಾದ ಮೇಲೂ ದಡಕ್ಕೆ ಬಡಿದು ಮರಳಿ, ಒಂದರೊಡನೊಂದು ಕೂಡಿ ನಡುನೀರಿನಲ್ಲಿ ಡುಬ್ಬಗಳಂತೆ ಏಳುತ್ತವೆ.

ಇದಕ್ಕಿಂತ ಸೋಜಿಗ ಆಳದಲ್ಲಿದೆ. ಬೇಸಿಗೆಯಲ್ಲಿ ಮೇಲಿನ ಪದರ ಬೆಚ್ಚಗಾಗಿ, ತಣ್ಣನೆಯ ಭಾರದ ನೀರಿನ ಮೇಲೆ ತೇಲುತ್ತದೆ. ಗಾಳಿ ಆ ಬೆಚ್ಚನೆಯ ನೀರನ್ನು ಒಂದು ತುದಿಗೆ ಒತ್ತರಿಸುತ್ತದೆ. ಗಾಳಿ ನಿಂತೊಡನೆ ಎರಡೂ ಪದರಗಳು ತುದಿಯಿಂದ ತುದಿಗೆ ದಿನಗಟ್ಟಲೆ ತೂಗಾಡುತ್ತವೆ. ಈ ಒಳ ಅಲೆಗಳನ್ನು ಇಲ್ಲಿನ ಉಷ್ಣತೆಯ ಅಳತೆಗಳಿಂದಲೇ ವಿಜ್ಞಾನಿಗಳು 1904ರಲ್ಲಿ ಗುರುತಿಸಿದರು. ಪದರಗಳು ಹೀಗೆ ತೂಗಾಡುವಾಗ ನೀರಿನ ಮೇಲಿನ ಮರದ ದಿಮ್ಮಿ ಗಾಳಿಗೆ ಎದುರಾಗಿಯೂ ಸಾಗಬಲ್ಲದು. ನೋಡಿದವರಿಗೆ ಅದು ಈಜುತ್ತಿರುವ ಜೀವಿಯೆನಿಸಿದರೆ ಅಚ್ಚರಿಯಿಲ್ಲ.

ಇಷ್ಟಾದರೂ ಆಳದಲ್ಲಿ ಪ್ರಾಣಿ ಅಡಗಿರಬಾರದೇಕೆ? ಜೀವಿಗಳೆಲ್ಲ ಚರ್ಮದ ಚೂರು, ಲೋಳೆ, ಮಲದ ಮೂಲಕ ತಮ್ಮ ಡಿಎನ್‌ಎಯನ್ನು ನೀರಿಗೆ ಬಿಡುತ್ತಲೇ ಇರುತ್ತವೆ. 2018ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ತಂಡ ಸರೋವರದ ಬೇರೆ ಬೇರೆ ಜಾಗ, ಆಳಗಳಿಂದ ಸುಮಾರು 250 ಮಾದರಿ ನೀರು ಸಂಗ್ರಹಿಸಿ ಶೋಧಿಸಿತು. ಸರೀಸೃಪದ ಸುಳಿವೇ ಸಿಗಲಿಲ್ಲ; ಹಾವುಮೀನಿನ ಡಿಎನ್‌ಎ ಮಾತ್ರ ಧಾರಾಳವಾಗಿತ್ತು. ಆ ಮೀನುಗಳ ಗಾತ್ರವೆಷ್ಟೆಂದು ಡಿಎನ್‌ಎ ಹೇಳದು.

ನೆಸ್‌ನ ದೈತ್ಯ ಜಲಚರವು ಪ್ಲೀಸಿಯೋಸಾರ್‌ ಎಂಬ ಪ್ರಾಚೀನ ಕಡಲ ಸರೀಸೃಪದ ಕೊನೆಯ ಕುಡಿ ಎಂಬ ವಾದವಂತೂ ನಿಲ್ಲುವುದಿಲ್ಲ. ಅವು ಅಳಿದು 6.6 ಕೋಟಿ ವರ್ಷಗಳಾದವು; ನೆಸ್ ಕಣಿವೆಯೋ ಹಿಮಯುಗದ ಕೊನೆಯವರೆಗೂ ಹಿಮರಾಶಿಯಡಿ ಹೂತಿತ್ತು.